ಲಾರಿಯ ಚಕ್ರಕ್ಕೆ ನಿಂಬೆಹಣ್ಣು

ಮಿಸಿಸಾಗ

ಪ್ರೀತಿಯ ಹೊನ್ನಪ್ಪಣ್ಣ,

ಗಡಿಗೆ ಹೋದಮೇಲೆ ನಿನ್ನ ಫೋನು ಸಿಗುತ್ತಿಲ್ಲ. ಅದಕ್ಕೇ ಯೂನಿಟ್ಟಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಮ್ಮನಿಗೆ "ಮೊನ್ನೆ ಮಾತಾಡಿದ, ಚೆನ್ನಾಗಿದ್ದಾನೆ" ಎಂದಿದ್ದೇನೆ.

ಈ ದೇಶದಲ್ಲಿ ಕ್ರಿಸ್‌ಮಸ್ಸಿಗೆ ಬಡ ಮಕ್ಕಳಿಗೆಂದು ಆಟಿಕೆ ಕೂಡಿಸುತ್ತಾರೆ. ನಿನ್ನೆ ಸ್ಟ್ರೀಟ್ಸ್‌ವಿಲ್‌ನಲ್ಲಿ ಮಿಲಿಟರಿ ಲಾರಿಗೆ ಗೊಂಬೆಗಳನ್ನು ತುಂಬಲು ವಾಲಂಟಿಯರ್ ಆಗಿ ಹೋಗಿದ್ದೆ. ನೀನು ಓಡಿಸುವಂಥದೇ ಹಸಿರು ಲಾರಿ. ಇಂಜಿನ್ ಶುರುವಾದಾಗ ನಿನ್ನದೇ ಲಾರಿ ಹೊರಟಂತೆ ಅನ್ನಿಸಿತು. ಇದಕ್ಕೆಂದೇ ಮನೆಯಿಂದ ಒಯ್ದಿದ್ದ ನಿಂಬೆಹಣ್ಣುಗಳನ್ನು ಚಕ್ರಗಳ ಕೆಳಗಿಟ್ಟೆ. ಏಕೆಂದು ಕೇಳಿದ, ಲಾರಿ ಓಡಿಸುವ ಸೈನಿಕನಿಗೆ "ಸೇಫಾಗಿ ವಾಪಸ್ ಬರ್ಲಿ ಅಂತ" ಎಂದೆ. "ಮಾಲ್‌ವರೆಗೆ ತಾನೇ ಹೋಗೋದು!" ಎಂದು ನಕ್ಕ. ಆದರೂ ನಿಧಾನವಾಗಿ ಅವುಗಳ ಮೇಲೇ ಹತ್ತಿಸಿಕೊಂಡು ಹೋದ.

ಆ ಲಾರಿ ಸಂಜೆಯೇ ವಾಪಸ್ ಬಂತು, ಅಣ್ಣಾ. ಮಾತಾಡಲು ಬಿಡುವಿಲ್ಲದಿದ್ದರೆ ಬೇಡ, ಒಂದು ಮಿಸ್ಡ್ ಕಾಲ್ ಕೊಡು. ಎತ್ತುವುದಿಲ್ಲ. ಹೆಸರು ಕಂಡರೆ ಸಾಕು.

ನಿನ್ನ ತಂಗಿ,
ಕಲಾವತಿ