ಗುಬ್ಬಿಯ ಅರವತ್ತು ಗ್ರಾಂ

ಮಂಗಳವಾರ, ಜುಲೈ ೮

ಮಗಳಿಗೆ ಬಾಟಲಿ ಬಿಡಿಸಲು ಹೊರಟು ಇಂದಿಗೆ ಒಂಬತ್ತು ದಿನ. ಹಲ್ಲು ಹುಳುಕಾಗುತ್ತಿದೆ, ಲೋಟದಲ್ಲೇ ಕುಡಿಸಿ, ಆದರೆ ಹಾಲು ಕಡಿಮೆಯಾಗಬಾರದು ಎಂದು ಡಾಕ್ಟರ ಅಪ್ಪಣೆ. ಒಂದೂವರೆ ವರ್ಷದ ಗುಬ್ಬಿ ಕುಡಿದದ್ದೆಷ್ಟು, ಚೆಲ್ಲಿದ್ದೆಷ್ಟು ಎಂದು ತಿಳಿಯುವುದು ಹೇಗೆ?

ಹಗಲೆಲ್ಲ ಪಾರ್ಸೆಲ್ ತೂಗುವ ಕೈ ಸುಮ್ಮನಿರುತ್ತದೆಯೇ? ಲೋಟಕ್ಕೆ ಅರವತ್ತು ಗ್ರಾಂ ಹಾಲು ತೂಗಿ ಹಾಕುತ್ತೇನೆ. ಅವಳ ಕೊರಳಿಗೆ ಕಟ್ಟುವ ಬಟ್ಟೆಯನ್ನು ಕುಡಿಸುವ ಮೊದಲೊಮ್ಮೆ, ಆಮೇಲೊಮ್ಮೆ ತೂಗುತ್ತೇನೆ. ಬಟ್ಟೆ ಹೀರಿದ್ದು, ಲೋಟದಲ್ಲಿ ಉಳಿದದ್ದು ಕಳೆದರೆ ಹೊಟ್ಟೆಗೆ ಹೋದದ್ದು ಸಿಗುತ್ತದೆ; ಅದನ್ನು ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಬರೆದಿಡುತ್ತೇವೆ. ನಿನ್ನೆ ಮಾತ್ರ ಅರವತ್ತು ಹಾಕಿದ್ದಕ್ಕೆ ಎಪ್ಪತ್ತು ಚೆಲ್ಲಿದ್ದಳು. ಮೂರು ಸಲ ಕಳೆದು ನೋಡಿದೆ.

"ಅದೇ ಬಟ್ಟೇಲಿ ಅವಳ ಮುಖ ತೊಳೆದು ಒರೆಸಿದೀನಿ ಕಣ್ರೀ," ಎಂದಳು ಹೆಂಡತಿ.

ಇವತ್ತು ಸಂಜೆ ಗುಬ್ಬಿ ತಾನೇ ಎರಡೂ ಕೈಯಲ್ಲಿ ಲೋಟ ಹಿಡಿದಳು. ಮೂಗು ಲೋಟದೊಳಗೆ, ಕಣ್ಣು ಮಾತ್ರ ಹೊರಗೆ. ಲೋಟ ಖಾಲಿಯಾಯಿತು. ಬಟ್ಟೆ ಮೊದಲು ಮೂವತ್ತೆರಡಿತ್ತು, ಈಗಲೂ ಮೂವತ್ತೆರಡೇ. ಅರವತ್ತರಲ್ಲಿ ಸೊನ್ನೆ ಕಳೆದರೆ ಅರವತ್ತೇ ಅಲ್ಲವೇ? ನಂಬಿಕೆ ಬಾರದೆ ನೆಲ ತಡವಿದೆ, ಒಣಗಿತ್ತು. ನಾನು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಲೋಟ ನನ್ನ ಮೂತಿಯ ಹತ್ತಿರ ಬಂತು.

"ಇನ್ನೂ," ಎಂದಳು ಗುಬ್ಬಿ.

ಹಾಲಿನ ಪಾತ್ರೆಯನ್ನೇ ಬಗ್ಗಿಸಿ ಸುರಿದೆ. ಅದನ್ನೂ ಗಟಗಟ ಮುಗಿಸಿದಳು. ಹೆಂಡತಿ ಗೋಡೆಯ ಪಟ್ಟಿಯ ಮುಂದೆ ಪೆನ್ಸಿಲ್ ಹಿಡಿದು ನಿಂತಿದ್ದಳು.

"ಎರಡನೇ ಸಲ ಎಷ್ಟು ಹಾಕಿದ್ರಿ?"

ತೂಗುವುದನ್ನೇ ಮರೆತಿದ್ದೆ. ಪಟ್ಟಿಯಲ್ಲಿ ಆ ಒಂದು ಮನೆ ಖಾಲಿಯೇ ಇದೆ. ಈಗಲೂ ಎದ್ದು ಹೋಗಿ ಅದನ್ನೇ ನೋಡಿ ಬಂದೆ, ಎಷ್ಟನೇ ಸಲವೋ.