ಸಂಬಲ್ ಕಲ್ಲಿನ ಸದ್ದಿಲ್ಲದ ಹಾಡುಗಳು

ಅಮ್ಮಾ,

ಯೋಗ್ಯಕರ್ತ ನಗರದ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದ್ದು ತಡೆಯಲೆಂದು ನನ್ನ ಕೋಣೆಯ ಗೋಡೆಗೆ ಅಂಟಿಸಿದ್ದ ಮೊಟ್ಟೆ ಟ್ರೇಗಳು ಇಂದು ಸೇವೆಯಿಂದ ನಿವೃತ್ತವಾದವು. ನೀನು ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮರುದಿನವೇ ನನ್ನ ಆಲ್ಬಮ್ಮಿನ ಕ್ಯಾಸೆಟ್ಟುಗಳು ಬಂದವು. ಹಾಡು, ಗಿಟಾರು, ಧ್ವನಿಮುದ್ರಣ, ನಿರ್ಮಾಣ ಎಲ್ಲವೂ ನಾನೇ. ಮೆಚ್ಚಿಕೊಂಡವನೂ ಸದ್ಯಕ್ಕೆ ನಾನೊಬ್ಬನೇ.

ಪಕ್ಕದ ಮನೆಯ ವಾರ್ಸಿತಿ ಚಿಕ್ಕಮ್ಮನಿಗೆ ಕೇಳಿಸಿದೆ. ಕರಿದ ಸೋಯಾ ಟೆಂಪೆ ಮೆಲ್ಲುತ್ತಾ ಪೂರ್ತಿ ಕೇಳಿದರು.

"ಚೆನ್ನಾಗಿದೆ ಕಣೋ ಸೆನೋ. ಆದ್ರೆ ನಿಮ್ಮಮ್ಮ ಎಲ್ಲಿ?"

"ಹಾಡಲ್ಲಿ ಅಮ್ಮ ಯಾಕಿರ್ತಾಳೆ ಚಿಕ್ಕಮ್ಮ?"

"ನೀನು ಹಾಡೋವಾಗೆಲ್ಲ ಅವಳು ಅಡುಗೆಮನೇಲಿ ಸಂಬಲ್ ಚಟ್ನಿ ಅರೀತಿದ್ಲಲ್ಲೋ! ಗೋಡೆಯಾಚೆ ನಂಗೆ ಎರಡೂ ಒಟ್ಟಿಗೇ ಕೇಳೋದು. ಇದ್ರಲ್ಲಿ ಬರೀ ನೀನೇ ಇದೀಯ. ಉಪ್ಪಿಲ್ಲ, ಖಾರ ಇಲ್ಲ."

ಆ ಗರಗರ ಸದ್ದನ್ನು ಹುಡುಕಿ ಹುಡುಕಿ ಅಳಿಸಿದವನು ನಾನು. ನಿನ್ನ ಕೆಮ್ಮನ್ನೂ ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲ ಪ್ರತಿಗಳನ್ನೂ ಇಟ್ಟುಕೊಳ್ಳಲಿಲ್ಲ. ಆಮೇಲಾಮೇಲೆ ನಾನು ಗಿಟಾರು ಎತ್ತಿಕೊಂಡರೆ ಸಾಕು, ನೀನೇ ಕಲ್ಲೆತ್ತಿಕೊಂಡು ಹಿತ್ತಲಿಗೆ ಹೋಗಿ ಕೂರುತ್ತಿದ್ದೆ.

ನಾಳೆ ಒಂದು ಹಾಡನ್ನು ಮತ್ತೆ ಹಾಡಿ ಮುದ್ರಿಸಬೇಕೆಂದಿದ್ದೇನೆ. ಚಿಕ್ಕಮ್ಮ ಅರೆಯಲು ಬರುತ್ತಾರಂತೆ. ಕಲ್ಲು ಹಿತ್ತಲಲ್ಲೇ ಸಿಕ್ಕಿತು, ಗುಂಡು ಮಾತ್ರ ಎಲ್ಲೂ ಕಾಣುತ್ತಿಲ್ಲ. ಎಲ್ಲಿಟ್ಟಿದ್ದೀಯ, ಸ್ವಲ್ಪ ಹೇಳಮ್ಮ.