ಪತ್ರಿಕೆ ಬಾರದ ಒಂಬತ್ತು ದಿನ

ಫ್ಲೋರೊ,
14 ಏಪ್ರಿಲ್ 2023

ನನ್ನ ಮಗಳು ಸುನ್ನಿವಾಗೆ,

ನಿನ್ನ ಎರಡು ಪತ್ರ, ಈಸ್ಟರಿಗೆ ಕಳಿಸಿದ ಕಿತ್ತಳೆ ಹಣ್ಣಿನ ಪೊಟ್ಟಣ, ಎಲ್ಲವೂ ತಲುಪಿವೆ. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಫೋನಿನಲ್ಲಿ "ಎಲ್ಲ ಚೆನ್ನಾಗಿದೆ" ಎಂದು ಎರಡೇ ಮಾತಿನಲ್ಲಿ ಮುಗಿಸಿದೆನಲ್ಲ, ಅದರಲ್ಲಿ ಅರ್ಧ ಸುಳ್ಳಿತ್ತು. ಮಾರ್ಚ್ ತಿಂಗಳಲ್ಲಿ ಹತ್ತು ದಿನ ಜ್ವರ ಬಂದು ಮಲಗಿದ್ದೆ. ಹೇಳಿದರೆ ನೀನು ಟ್ರೊಂಡ್‌ಹೈಮಿನಿಂದ ಓಡಿ ಬರುತ್ತಿದ್ದೆ, ನಿನ್ನ ಆಸ್ಪತ್ರೆಯ ಹಸು, ಕುದುರೆಗಳೆಲ್ಲ ನನಗೆ ಶಾಪ ಹಾಕುತ್ತಿದ್ದವು. ಈಗ ಪೂರ್ತಿ ಗುಣವಾಗಿದ್ದೇನೆ. ಬೆಳಿಗ್ಗೆ ಎರಡು ಚೂರು ರೊಟ್ಟಿಗೆ ಕಂದು ಚೀಸ್ ಹಚ್ಚಿಕೊಂಡು ತಿನ್ನುವಷ್ಟು ಹಸಿವಾಗುತ್ತಿದೆ. ಮಹಡಿ ಮೆಟ್ಟಿಲು ಹತ್ತಿದರೆ ಮಾತ್ರ ಸ್ವಲ್ಪ ಏದುಸಿರು.

ನಿಜವಾದ ಸುದ್ದಿ ಜ್ವರ ಬಿಟ್ಟ ಮೇಲಿನದು. ಅದರಲ್ಲೇ ಮುಳುಗಿಹೋಗಿದ್ದರಿಂದ ನಿನಗೆ ಬರೆಯಲಾಗಲಿಲ್ಲ.

ಬಂದರಿನ ಹತ್ತಿರ, ಹಳೆಯ ಬಲೆ ಕೋಠಿಯ ಮೇಲಿನ ಮನೆಯಲ್ಲಿರುವ ತೊರ್ಮೊದ್ ನಿನಗೆ ನೆನಪಿರಬಹುದು. ಹುಟ್ಟುಕುರುಡ, ನಲವತ್ತರ ಹೊತ್ತಿಗೆ ಕಿವಿಯೂ ಹೋಯಿತು. ಮೂವತ್ತೊಂದು ವರ್ಷ ಆ ಕೋಠಿಯಲ್ಲಿ ಬಲೆ ಹೆಣೆದು, ಹರಿದದ್ದು ಹೊಲಿದು ಬದುಕಿದವನು. ನಾವು ಅವನ ಅಂಗೈಯ ಮೇಲೆ ಬೆರಳಿಂದ ಒಂದೊಂದೇ ಅಕ್ಷರ ಬರೆದು ಮಾತಾಡುತ್ತೇವೆ. ಅವನು ಬಾಯಿಬಿಟ್ಟೇ ಉತ್ತರ ಕೊಡುತ್ತಾನೆ. ತನ್ನ ಗಂಟಲು ತನಗೇ ಕೇಳಿಸದ ಕಾರಣ ಅವನ ಗುಟ್ಟಿನ ಮಾತೂ ಬಂದರಿಗೆಲ್ಲ ಕೇಳಿಸುತ್ತದೆ.

ನನಗೂ ಕಣ್ಣಿಲ್ಲ, ಆದರೆ ರೇಡಿಯೊ ಇದೆ, ಫೋನ್ ಇದೆ, ಕೇಳುವ ಪುಸ್ತಕಗಳಿವೆ. ಅವನಿಗಿರುವುದು ಬ್ರೈಲ್ ಯಂತ್ರ ಒಂದೇ. ಬೆಳಿಗ್ಗೆ ಏಳಕ್ಕೆ ಎರಡು ಗುಂಡಿ ಒತ್ತಿದರೆ ನಮ್ಮ ಚುಕ್ಕಿಪುಸ್ತಕ ಸಂಘದ ವೆಬ್‌ಸೈಟಿನಿಂದ ಊರಿನ ಪತ್ರಿಕೆ ಇಳಿದು ಬರುತ್ತದೆ, ಪಟ್ಟಿಯ ಮೇಲೆ ಚುಕ್ಕಿಗಳು ಎದ್ದು ನಿಲ್ಲುತ್ತವೆ, ಅವನು ಮಧ್ಯಾಹ್ನದವರೆಗೆ ಸಾಲು ಸಾಲೇ ಓದುತ್ತಾನೆ. ಮೊದಲು ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದಾಗ ಒಂದು ಕಾದಂಬರಿಗೆ ಹನ್ನೊಂದು ದಪ್ಪ ಸಂಪುಟ, ಮೂರು ತಿಂಗಳ ಕಾಯುವಿಕೆ. ದಿನಪತ್ರಿಕೆಯಂತೂ ಕನಸಿನ ಮಾತು. ಈ ಯಂತ್ರ ಬಂದ ಮೇಲೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸುದ್ದಿ ಗೊತ್ತಿರುವವನು ತೊರ್ಮೊದನೇ ಆಗಿದ್ದ.

ನಾನು ಜ್ವರದಿಂದ ಎದ್ದು ಕಂಪ್ಯೂಟರ್ ಮುಂದೆ ಕೂತಾಗ ಸಂಘದ ವೆಬ್‌ಸೈಟಿಗೆ ಹೊಸ ರೂಪ ಬಂದಿತ್ತು. ಪರದೆ ಓದಿ ಹೇಳುವ ನನ್ನ ಹೆಣ್ಣು ದನಿ, "ಬಟನ್. ಬಟನ್. ಚಿತ್ರ. ಬಟನ್," ಎಂದಿತೇ ಹೊರತು ಯಾವುದು ಏತಕ್ಕೆಂದು ಹೇಳಲಿಲ್ಲ. ಮೂರನೆಯದನ್ನು ಒತ್ತಿದೆ, ನಿಮ್ಮ ಫೋಟೊ ಹಾಕಿ ಎಂದಿತು. ಐದನೆಯದನ್ನು ಒತ್ತಿದೆ, ಮೊದಲಿನ ಜಾಗಕ್ಕೇ ತಂದುಬಿಟ್ಟಿತು. ನಗು ಬಂತು. ಆಮೇಲೆ ತೊರ್ಮೊದನ ನೆನಪಾಗಿ ನಗು ನಿಂತಿತು. ಕೋಟು ಹಾಕಿಕೊಂಡು, ಕೋಲು ಹಿಡಿದು ಬಂದರಿನ ಕಡೆ ಇಳಿದೆ.

ಅವನು ಮೇಜಿನ ಮುಂದೆ ಕೂತಿದ್ದ. ಯಂತ್ರದ ಮೇಲೆ ಒಂಬತ್ತು ದಿನ ಹಿಂದಿನ ಪತ್ರಿಕೆ. ನನ್ನ ಕೈ ಗುರುತಿಸಿದವನೇ ಮಣಿಕಟ್ಟು ಬಿಗಿಯಾಗಿ ಹಿಡಿದ.

"ಇಂಗುನ್, ನಿಜ ಹೇಳು. ಯುದ್ಧ ಶುರುವಾಯ್ತಾ ಇಲ್ಲೂ?"

ಇಲ್ಲ ಎಂದು ಬರೆದೆ.

"ಸುಳ್ಳು ಹೇಳ್ಬೇಡ. ಆ ಸಹಾಯದ ಹುಡುಗಿ ವಾರಕ್ಕೆರಡು ಸಲ ಬಂದು ಕೈ ಮೇಲೆ 'ಎಲ್ಲ ಸರಿ, ಎಲ್ಲ ಸರಿ' ಅಂತ ಬರೀತಾಳೆ. ಎಲ್ಲ ಸರಿ ಇದ್ರೆ ಯಾರಾದ್ರೂ ಎರಡು ಸಲ ಹೇಳ್ತಾರಾ? ನಾನು ಕಪಾಟಲ್ಲಿರೋ ಮೀನಿನ ಡಬ್ಬಿ ಎಷ್ಟು ದಿನಕ್ಕಾಗತ್ತೆ ಅಂತ ನೋಡ್ಕೊಂಡಿದೀನಿ."

ಯುದ್ಧವಿಲ್ಲ, ವೆಬ್‌ಸೈಟು ಬದಲಾಗಿದೆ, ಅಷ್ಟೇ ಎಂದು ಬರೆದೆ. ಅವನು ಎರಡು ಸಲ ಬರೆಸಿಕೊಂಡ. ಆಮೇಲೆ ಇಡೀ ಮೇಜು ಅಲುಗಾಡುವ ಹಾಗೆ ನಕ್ಕ.

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ನನ್ನ ಕೆಳಗಿನ ಮನೆಯ ಗ್ರೊಳನ್ನು ಕರೆದು, ಅವಳ ಕಣ್ಣಿನಿಂದ ಆ ಒಂಬತ್ತು ಪತ್ರಿಕೆಗಳನ್ನೂ ಇಳಿಸಿ ಅವನ ಯಂತ್ರಕ್ಕೆ ಹಾಕಿಸಿದೆ. ಸಂಜೆ ಕಾಫಿ ಕುಡಿಯುತ್ತಾ ಅವನ ಪಕ್ಕ ಕೂತಿದ್ದೆ. ಅವನು ಹಸಿದವನಂತೆ ಓದುತ್ತಿದ್ದ, ಗಟ್ಟಿಯಾಗಿ ಹೇಳುತ್ತಲೂ ಇದ್ದ: ಬಂದರಿನ ಕ್ರೇನ್ ಜಗಳ, ಹೆರಿಂಗ್ ಮೀನಿನ ಬೇಟೆ, ಪುರಸಭೆಯವರ ಮೂರ್ಖತನ. ಐದನೆಯ ದಿನದ ಪತ್ರಿಕೆಗೆ ಬಂದಾಗ ಮಾತು ನಿಂತಿತು. ಬೆರಳು ಅದೇ ಸಾಲಿನ ಮೇಲೆ ಮತ್ತೆ ಮತ್ತೆ ಹೋಗುವುದು ನನಗೆ ಕೇಳಿಸುತ್ತಿತ್ತು.

"ಎಲಿಂಗ್ ಸತ್ತಿದಾನೆ," ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಲಿಂಗ್ ಅವನ ಜೊತೆ ಮೂವತ್ತೊಂದು ವರ್ಷ ಒಂದೇ ಬೆಂಚಿನಲ್ಲಿ ಕೂತು ಬಲೆ ಹೊಲಿದವನು. ತೊರ್ಮೊದನ ಕಿವಿ ಹೋದ ವರ್ಷ ಅಂಗೈ ಮೇಲೆ ಬರೆಯುವುದನ್ನು ಎಲ್ಲರಿಗಿಂತ ಮೊದಲು ಕಲಿತವನು. ಎರಡು ದಿನದ ಹಿಂದೆ ಅವನನ್ನು ಮಣ್ಣು ಮಾಡಿ ಆಗಿತ್ತು. ಮಾರನೆಯ ದಿನ ಎಲಿಂಗನ ಹೆಂಡತಿಗೆ ಫೋನ್ ಮಾಡಿದೆ. ಆಕೆ ಅತ್ತಳು.

"ತೊರ್ಮೊದ್ ಬರ್ಲಿಲ್ಲ ಅಂತ ನಮಗೆ ಎಷ್ಟು ಬೇಜಾರಾಯ್ತು ಗೊತ್ತಾ? ದಿನಾ ಪೇಪರ್ ಓದ್ತಾನೆ, ಗೊತ್ತಿರತ್ತೆ ಅಂದ್ಕೊಂಡ್ವಿ. ಕೋಪ ಏನಾದ್ರೂ ಇತ್ತೇನೋ ಅಂತ ನಾವೇ..."

ಅದನ್ನು ಅವನ ಅಂಗೈ ಮೇಲೆ ಬರೆಯುವುದು ನನಗೆ ಕಷ್ಟವಾಯಿತು. "ಶವದ ಪೆಟ್ಟಿಗೆ ಹೊರೋದಕ್ಕೆ ನಾನು ಇರಬೇಕಾಗಿತ್ತು. ಎಡಗಡೆ. ಅವನು ಬೆಂಚಲ್ಲಿ ಯಾವಾಗ್ಲೂ ನನ್ನ ಬಲಗಡೆ ಕೂರ್ತಿದ್ದ," ಎಂದ.

ಸಂಘಕ್ಕೆ ಫೋನ್ ಮಾಡಿದೆ. ಎತ್ತಿಕೊಂಡ ಮನುಷ್ಯ ಬಹಳ ವಿನಯವಂತ.

"ತುಂಬಾ ಸುಲಭ ಅಮ್ಮಾ. ಹಸಿರು ಬಾಣ ಇದೆಯಲ್ಲ, ಅದನ್ನ ಒತ್ತಿದ್ರಾಯ್ತು."

"ಹಸಿರು ಅಂದ್ರೆ ಹೇಗಿರತ್ತಪ್ಪ?"

"ಹಾಗಿದ್ರೆ ಸದ್ಯಕ್ಕೆ ಆಡಿಯೊ ಕೇಳ್ಬಹುದಲ್ವಾ?"

"ನಾನು ಕೇಳ್ಬಹುದು. ತೊರ್ಮೊದನಿಗೆ ಕಿವಿ ಇಲ್ಲ."

"ಓ... ಸಹಾಯಕ್ಕೆ ಯಾರೂ ಬರೋದಿಲ್ವಾ ಅವರ ಮನೆಗೆ?"

"ವಾರಕ್ಕೆರಡು ದಿನ ಬರ್ತಾಳೆ. ಉಳಿದ ಐದು ದಿನ ಊರಲ್ಲಿ ಯಾರೂ ಸಾಯ್ಬಾರ್ದಾ?"

ಶರತ್ಕಾಲದಲ್ಲಿ ಮುಂದಿನ ತಿದ್ದುಪಡಿ ಬರುತ್ತದೆ, ಅದರಲ್ಲಿ ಸೇರಿಸುತ್ತೇವೆ ಎಂದ. ತೊರ್ಮೊದನಿಗೆ ಬರೆದು ತಿಳಿಸಿದೆ. ಅವನು ಎದ್ದು ಬೂಟು ಹುಡುಕತೊಡಗಿದ. "ಶರತ್ಕಾಲಕ್ಕೆ ನನಗೆ ಎಂಬತ್ತಾರು. ನಡಿ, ಹೋಗೋಣ."

ಹಾಗೆ ನಾವಿಬ್ಬರೂ ಒಂದು ಗುರುವಾರ, ಸಂಘದ ಕಚೇರಿಯಿರುವ ಬೆರ್ಗೆನ್ನಿನ ದೋಣಿ ಹತ್ತಿದೆವು. ನಾನು ಕೋಲು ಹಿಡಿದು ಮುಂದೆ, ಅವನು ನನ್ನ ಮೊಣಕೈ ಹಿಡಿದು ಹಿಂದೆ, ಅವನ ಎದೆಗೆ ಯಂತ್ರದ ಚೀಲ. ಟಿಕೆಟ್ ನೋಡುವವನು, "ಇಬ್ಬರಲ್ಲಿ ಯಾರು ಯಾರನ್ನ ಕರ್ಕೊಂಡು ಹೋಗ್ತಾ ಇರೋದು?" ಎಂದು ಕೇಳಿದ. ಅದನ್ನು ಅಂಗೈಗೆ ದಾಟಿಸಿದೆ. ತೊರ್ಮೊದ್ ಇಡೀ ದೋಣಿಗೆ ಕೇಳುವಂತೆ, "ಅವಳ ಹತ್ರ ಕಿವಿ ಇದೆ, ನನ್ನ ಹತ್ರ ಮೂಗಿದೆ. ಬೆರ್ಗೆನ್ನಲ್ಲಿ ಮೀನು ಮಾರ್ಕೆಟ್ಟಿನವರೆಗೂ ನಾನೇ ದಾರಿ ತೋರಿಸ್ತೀನಿ," ಎಂದ. ಜನ ನಕ್ಕರು. ನಮಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ನಮಗೇಕೆ ಬೇಕೋ ದೇವರಿಗೇ ಗೊತ್ತು.

ಸಂಘದಲ್ಲಿ ವೆಬ್‌ಸೈಟು ನೋಡಿಕೊಳ್ಳುವವಳ ಹೆಸರು ಸಿಗ್ನೆ. ನಿನಗಿಂತ ಚಿಕ್ಕವಳಿರಬೇಕು. ಕಾಫಿ ಕೊಟ್ಟಳು, ಹೊಸ ರೂಪಕ್ಕೆ ಎಷ್ಟೊಂದು ಮೆಚ್ಚುಗೆ ಬಂದಿದೆಯೆಂದೂ ಹೇಳಿದಳು. ನಾನು ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆದರೆ ಅವಳ ದನಿಯಲ್ಲಿ ಹೆಮ್ಮೆಯಿತ್ತೇ ವಿನಾ ಸೊಕ್ಕಿರಲಿಲ್ಲ. ಹಾಗಾಗಿ ಇಷ್ಟೇ ಕೇಳಿದೆ: "ಪರದೆ ಆರಿಸಿ, ಕಿವಿಗೆ ಈ ಹೆಡ್‌ಫೋನ್ ಹಾಕ್ಕೊಂಡು, ಇವತ್ತಿನ ಪೇಪರ್ ತೆಗೆದು ಕೊಡಮ್ಮ."

ಅವಳು ಇಪ್ಪತ್ತು ನಿಮಿಷ ಕೂತಳು. ಕೀಲಿಗಳ ಸದ್ದು ಮೊದಲು ಚುರುಕಾಗಿತ್ತು, ಆಮೇಲೆ ಬಿಡಿಬಿಡಿಯಾಯಿತು, ಕೊನೆಗೆ ನಿಂತಿತು. "ಸಿಗ್ತಾ ಇಲ್ಲ," ಎಂದಳು.

"ಅವಳಿಗೂ ಸಿಗ್ಲಿಲ್ಲ," ಎಂದು ತೊರ್ಮೊದನ ಕೈ ಮೇಲೆ ಬರೆದೆ. ಅವನು ಚೇಷ್ಟೆ ಮಾಡುತ್ತಾನೆಂದುಕೊಂಡಿದ್ದೆ. ಅವನು ಅವಳ ಕೈ ಹುಡುಕಿ ತೆಗೆದುಕೊಂಡು, ತನ್ನ ಯಂತ್ರದ ಚುಕ್ಕಿಗಳ ಮೇಲಿಟ್ಟ. "ಇದು ನನ್ನ ಗೆಳೆಯನ ಹೆಸರು," ಎಂದ. "ನಾಲ್ಕು ದಿನ ತಡವಾಗಿ ಸಿಕ್ತು. ನಿನ್ನನ್ನ ಬೈಯೋಕೆ ಬಂದಿಲ್ಲ ಮಗಳೇ. ಇನ್ನೊಬ್ಬರ ಹೆಸರು ತಡವಾಗ್ಬಾರ್ದು ಅಂತ ಹೇಳೋಕೆ ಬಂದೆ."

ಸಿಗ್ನೆ ಮೂಗು ಒರೆಸಿಕೊಂಡು, ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದಳು. ಸಂಜೆಯ ದೋಣಿಗೆ ಮುಂಚೆ ಅವರು ಒಂದು ಸಾದಾ ಪುಟ ಮಾಡಿಬಿಟ್ಟರು. ಚಿತ್ರವಿಲ್ಲ, ಬಾಣವಿಲ್ಲ, ಮೇಲೆ ಪತ್ರಿಕೆಗಳು, ಕೆಳಗೆ ಅಕ್ಷರದ ಸಾಲಿನಲ್ಲಿ ಪುಸ್ತಕಗಳ ಪಟ್ಟಿ. ತೊರ್ಮೊದನ ಎರಡು ಗುಂಡಿಗಳನ್ನೂ ಅದಕ್ಕೆ ಜೋಡಿಸಿಕೊಟ್ಟರು. ಮರುವಾರ ಸಿಗ್ನೆ ತಾನೇ ದೋಣಿ ಹತ್ತಿ ಬಂದು, ಬೆಳಿಗ್ಗೆ ಏಳಕ್ಕೆ ಅವನ ಮೇಜಿನ ಪಕ್ಕ ನಿಂತು, ಪತ್ರಿಕೆ ಇಳಿಯುವುದನ್ನು ನೋಡಿಕೊಂಡು ಹೋದಳು. ಅವನು ಅವಳಿಗೆ ದೋಸೆಯಂಥ ವಾಫೆಲ್ ಸುಟ್ಟುಕೊಟ್ಟನಂತೆ. ಸೀದಿತ್ತು, ಆದರೂ ಎರಡು ತಿಂದಳಂತೆ.

ಆ ಭಾನುವಾರ ಎಲಿಂಗನ ಹೆಂಡತಿ ಬಂದು ನಮ್ಮಿಬ್ಬರನ್ನೂ ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಹೊಸ ಮಣ್ಣು ಇನ್ನೂ ಸಡಿಲವಾಗಿತ್ತು. ತೊರ್ಮೊದ್ ಮಂಡಿಯೂರಿ ಕೂತು ಅಂಗೈಯನ್ನು ಮಣ್ಣಿನ ಮೇಲಿಟ್ಟು, ಬೆರಳಿಂದ ಏನೋ ಬರೆದನಂತೆ. ಏನೆಂದು ನಾವು ಕೇಳಲಿಲ್ಲ. ಹಿಂದಿರುಗುವಾಗ ಆಕೆ ಅವನ ತೋಳು ಹಿಡಿದು ನಡೆಸಿದಳು, ನಾನು ಅವರ ಹಿಂದೆ ಹಗುರಾಗಿ ನಡೆದೆ. ಬಿಸಿಲಿತ್ತು. ಮುಖದ ಮೇಲೆ ಅಷ್ಟು ಬೆಚ್ಚನೆಯ ಬಿಸಿಲು ಈ ವರ್ಷ ಅದೇ ಮೊದಲು.

ಇಷ್ಟು ನಮ್ಮ ಕಥೆ. ಈಗ ತೊರ್ಮೊದ್ ಮತ್ತೆ ಊರಿನ ಸುದ್ದಿಯನ್ನೆಲ್ಲ ನನಗಿಂತ ಮೊದಲು ತಿಳಿದು ಸೊಕ್ಕು ಮಾಡುತ್ತಿದ್ದಾನೆ. ನಾನೂ ದಿನಕ್ಕೆರಡು ಗಂಟೆ ಚುಕ್ಕಿ ಮುಟ್ಟಿ ಓದುತ್ತೇನೆ. ಎಪ್ಪತ್ತೊಂದಕ್ಕೆ ಇದಕ್ಕಿಂತ ಹೆಚ್ಚೇನು ಬೇಕು ಹೇಳು.

ಮೇ ಹದಿನೇಳರ ನಾಡಹಬ್ಬಕ್ಕೆ ಬರುತ್ತೀಯಲ್ಲ. ಚಳಿಗಾಳಿಯಲ್ಲಿ ಕೊಟ್ಟಿಗೆಗೆ ಹೋಗುವಾಗ ಕುತ್ತಿಗೆ ಮುಚ್ಚಿಕೋ. ನೀನು ಮುಟ್ಟಿದ ಪ್ರಾಣಿಗಳೆಲ್ಲ ಎದ್ದು ನಿಲ್ಲಲಿ, ನಿನ್ನ ಕೈಗಳಿಗೆ ನೋವು ಬಾರದಿರಲಿ.

ನಿನ್ನ ಅಮ್ಮ,
ಇಂಗುನ್

ಇನ್ನೊಂದು ಮಾತು. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಪತ್ರವನ್ನು ಹಾಗೇ ಇಟ್ಟಿದ್ದೆ.

ಸಿಗ್ನೆಯ ಆ ಸಾದಾ ಪಟ್ಟಿಯಲ್ಲಿ ಇಳಿಯುತ್ತಾ ಹೋಗುವಾಗ ಮಕ್ಕಳ ಪುಸ್ತಕಗಳ ಸಾಲಿನಲ್ಲಿ 'ದೀಪಸ್ತಂಭದ ಮೇಕೆ' ಸಿಕ್ಕಿತು. ನಿನಗೆ ಅಪ್ಪ ತಂದುಕೊಟ್ಟ ಪುಸ್ತಕ. ಆಗ ಅದು ಬ್ರೈಲ್‌ನಲ್ಲಿ ಇರಲಿಲ್ಲ. ಪ್ರತಿ ಸಂಜೆ ನಾನು ಪುಟ ತಿರುವುತ್ತಾ ಬಾಯಿಗೆ ಬಂದ ಕಥೆ ಹೇಳುತ್ತಿದ್ದೆ. ನಿನಗೆ ಐದು ತುಂಬಿ ಅಕ್ಷರ ಬಂದ ಚಳಿಗಾಲ ಒಂದು ದಿನ ನೀನು ನನ್ನ ಕೈ ತಡೆದು, "ಅಮ್ಮ, ಇಲ್ಲಿ ಹಾಗೆ ಬರ್ದಿಲ್ಲ," ಎಂದೆ. ಪುಸ್ತಕ ಮುಚ್ಚಿ ಎತ್ತಿಕೊಂಡು ನೀನು ಅಪ್ಪನ ಹತ್ತಿರ ಹೋದೆ. ನಿನ್ನ ತಪ್ಪೇನೂ ಇಲ್ಲ, ಮಗುವಿಗೆ ಕಥೆ ಬೇಕಿತ್ತು. ನಾನು ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಾ ಅಪ್ಪ ನಿನಗೆ ಓದುವ ದನಿ ಕೇಳಿದೆ. ಆಮೇಲೆ ನೀನು ಯಾವ ಪುಸ್ತಕವನ್ನೂ ನನ್ನ ಮಡಿಲಿಗೆ ತರಲಿಲ್ಲ. ಅಪ್ಪನಿಗೂ ಇದನ್ನು ನಾನು ಹೇಳಲಿಲ್ಲ.

ಮೊನ್ನೆ ಅದನ್ನು ಪೂರ್ತಿ ಓದಿದೆ. ನನ್ನ ಕಥೆಯಲ್ಲಿ ಮೇಕೆ ಕತ್ತಲಾಗುವ ಮೊದಲೇ ಮನೆಗೆ ಓಡಿಬರುತ್ತಿತ್ತು. ಪುಸ್ತಕದಲ್ಲಿ ಅದು ಬರುವುದೇ ಇಲ್ಲ, ದೀಪ ಹಚ್ಚುವವನ ಜೊತೆ ಅಲ್ಲೇ ಉಳಿದುಬಿಡುತ್ತದೆ. ಎಷ್ಟು ಚೆನ್ನಾಗಿದೆ ಗೊತ್ತಾ?

ನಿನಗೀಗ ನಲವತ್ತನಾಲ್ಕು, ನಗು ಬಂದರೆ ನಕ್ಕುಬಿಡು. ಹಬ್ಬಕ್ಕೆ ಬಂದಾಗ ಒಂದು ಹತ್ತು ನಿಮಿಷ ನನ್ನ ಪಕ್ಕದಲ್ಲಿ ಕೂತ್ಕೊ. ಈ ಸಲ ಅಲ್ಲಿ ಬರೆದಿರುವುದನ್ನೇ ಓದುತ್ತೇನೆ.